ಆಲೂರಿನ ರಾಚಯ್ಯನವರು ಮತ್ತು ಒಂದು ಗಡಿಸೀಮೆಯ ರಾಜಕಾರಣ

ಮೈಸೂರಿನಿಂದ ಹೊರಟು ಯಳಂದೂರನ್ನು ಹಾದು, ಕೊಳ್ಳೇಗಾಲದಲ್ಲಿ ತುಸು ನಿಂತು, ಹನೂರಿನ ಮೇಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಯಾತ್ರಿಕರು ಇಂದು ದಾರಿಯಲ್ಲಿ ಎಲ್ಲಿಯೂ ಗಡಿಯನ್ನು ಕಾಣುವುದಿಲ್ಲ. 1956ನೆಯ ಇಸವಿ ನವೆಂಬರ್ 1ಕ್ಕೆ ಮೊದಲು ಹೋದವರು ಕಾಣುತ್ತಿದ್ದರು. ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ ಇರುವುದು ಸುಮಾರು ಹತ್ತು ಮೈಲಿ. ಆ ಹತ್ತು ಮೈಲಿಯೊಳಗೆ ಒಂದು ಸರ್ಕಾರ ಮುಗಿದು ಮತ್ತೊಂದು ಸರ್ಕಾರ ಆರಂಭವಾಗುತ್ತಿತ್ತು. ಈಚೆಗೆ ಮೈಸೂರು ಮಹಾರಾಜರ ಸಂಸ್ಥಾನ, ಆಚೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆ. ಎರಡು ಕಡೆಯೂ ಆಡುವ ಮಾತು ಕನ್ನಡ, ಕುಲದೈವ ಅದೇ ಮಾದಪ್ಪ, ಕಂಸಾಳೆಯವರು ಹಾಡುವ ಕಥೆ ಅದೇ.

ಈ ಸೀಮೆಯಲ್ಲಿ ಬೆಳೆದು, ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ, ಮುಂದೆ ಶಾಸಕರಾಗಿ, ಸಚಿವರಾಗಿ, ಲೋಕಸಭಾ ಸದಸ್ಯರಾಗಿ, ಕಟ್ಟಕಡೆಗೆ ಎರಡು ರಾಜ್ಯಗಳ ರಾಜ್ಯಪಾಲರಾದವರು ಬಸವಯ್ಯ ರಾಚಯ್ಯನವರು. ಪತ್ರಿಕೆಗಳಲ್ಲಿ ಬಿ. ರಾಚಯ್ಯ ಎಂದೇ ಅವರ ಹೆಸರು ಬರುತ್ತಿತ್ತು. ಅವರ ಜೀವನವನ್ನು ಬರಿಯ ಪದವಿಗಳ ಪಟ್ಟಿಯಾಗಿ ಹೇಳಿದರೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಆ ಪದವಿಗಳಿಗೆ ಏರುವ ಮೆಟ್ಟಿಲು ಹೇಗೆ ಕಟ್ಟಲ್ಪಟ್ಟಿತು, ಅದನ್ನು ಹತ್ತುವವನು ಯಾರ ಕೈ ಹಿಡಿಯಬೇಕಾಗಿತ್ತು ಎಂಬುದನ್ನು ತಿಳಿಯದೆ ಆ ಪಟ್ಟಿಯಿಂದ ವಾಚಕರಿಗೆ ಪ್ರಯೋಜನವಿಲ್ಲ. ಆದುದರಿಂದ ಮೊದಲು ನೆಲದ ಮಾತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ಪಾಲಿಗೆ ಬಂದು ಕೊಯಮತ್ತೂರಿಗೆ ಸೇರಿತು. ಯಳಂದೂರು ಮೈಸೂರಿನಲ್ಲಿಯೇ ಉಳಿಯಿತು. ಉಳಿದುದೂ ಒಂದು ವಿಶೇಷ ರೀತಿಯಲ್ಲಿ. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಕೊಡಲಾಯಿತು. ಅವರ ವಂಶದವರೇ ಆದ ಪಿ. ಎನ್. ಕೃಷ್ಣಮೂರ್ತಿಗಳು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಡ ಓದಿದವರಿಗೆ ಯಳಂದೂರು ಬೇರೆ ಕಾರಣಕ್ಕಾಗಿ ಪ್ರಿಯವಾದ ಊರು: 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮನ ಊರು ಅದು. ಆದರೆ ಅಲ್ಲಿಯ ಸಾಮಾನ್ಯ ರೈತನ ಮಟ್ಟಿಗೆ ಸರ್ಕಾರವೆಂದರೆ ನೂರಕ್ಕೂ ಹೆಚ್ಚು ವರ್ಷ ಜಹಗೀರುದಾರರ ಕಚೇರಿಯೇ ಆಗಿತ್ತು.

ಗಡಿಯ ಎರಡು ಕಡೆ ಮಾತು ಒಂದೇ ಆದರೂ ಸರ್ಕಾರದ ಮಾತು ಬೇರೆ ಬೇರೆಯಾಗಿತ್ತು. ಮೈಸೂರಿನವರು ಹೋಬಳಿ ಎಂದದ್ದನ್ನು ಕೊಳ್ಳೇಗಾಲದವರು ಫಿರ್ಕಾ ಎನ್ನುತ್ತಿದ್ದರು. ಇಲ್ಲಿಯ ಅಮಲ್ದಾರರು ಅಲ್ಲಿ ತಹಸೀಲ್ದಾರರು. ಇಲ್ಲಿಯ ಶ್ಯಾನುಭೋಗರು ಅಲ್ಲಿ ಕರ್ಣಂ. ಇಲ್ಲಿ ಡೆಪ್ಯುಟಿ ಕಮಿಷನರು, ಅಲ್ಲಿ ಕಲೆಕ್ಟರು. ಕಲೆಕ್ಟರ ಕಚೇರಿಗೆ ಅರ್ಜಿ ಕೊಡಬೇಕಾದ ಕೊಳ್ಳೇಗಾಲದವನು ಹಾಸನೂರಿನ ಕಾಡನ್ನು ಹಾದು, ದಿಂಬಂ ಘಟ್ಟವನ್ನಿಳಿದು, ಸತ್ಯಮಂಗಲದ ಮೇಲೆ ಕೊಯಮತ್ತೂರಿಗೆ ಹೋಗಬೇಕಾಗಿತ್ತು. ಹನೂರು, ರಾಮಾಪುರದ ಕಡೆಯವರಿಗಂತೂ ಇದು ಇನ್ನೂ ದೂರ. ತರಗತಿಯಲ್ಲಿ ಈ ಜೋಡಿ ಶಬ್ದಗಳನ್ನು ಹಲಗೆಯ ಮೇಲೆ ಬರೆದರೆ ಮಕ್ಕಳು ನಗುತ್ತಾರೆ. ಅರ್ಜಿ ಹಿಡಿದು ನಡೆದವರಿಗೆ ನಗು ಬಂದಿರಲಾರದು.

ಗಡಿಯಿಂದ ಇನ್ನೊಂದು ಭೇದವೂ ಉಂಟಾಯಿತು. ನಮ್ಮ ಕಥೆಗೆ ಮುಖ್ಯವಾದದ್ದು ಅದೇ. 1937ರಲ್ಲಿ ಮದರಾಸಿನಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗ, ಮತದ ಹಕ್ಕು ಎಲ್ಲರಿಗೂ ಇರಲಿಲ್ಲವಾದರೂ, ಕೊಳ್ಳೇಗಾಲದ ಜನ ತಾವು ಆರಿಸಿದವರು ಸರ್ಕಾರ ನಡೆಸುವುದನ್ನು ಕಂಡರು. ಗಡಿಯ ಈಚೆಗೆ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದೆಯೇ ಹುಟ್ಟಿದ್ದರೂ ಅದು ಕೇಳಬಹುದಿತ್ತು, ಹೇಳಬಹುದಿತ್ತು, ಆಳುವಂತಿರಲಿಲ್ಲ. ಆಡಳಿತ ಮಹಾರಾಜರು ನೇಮಿಸಿದ ದಿವಾನರ ಕೈಯಲ್ಲಿತ್ತು. ಆದುದರಿಂದ ಬ್ರಿಟಿಷ್ ಇಂಡಿಯದಲ್ಲಿ ಚಳವಳಿ ಇಂಗ್ಲಿಷರು ಹೊರಡಲಿ ಎಂದು ನಡೆದರೆ, ಮೈಸೂರಿನಲ್ಲಿ ಅದರ ಜೊತೆಗೆ ಜವಾಬ್ದಾರಿ ಸರ್ಕಾರ ಬೇಕೆಂಬ ಹೋರಾಟವೂ ನಡೆಯಬೇಕಾಯಿತು. 1938ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸೇರಿದ ಕಾಂಗ್ರೆಸ್ಸು, ಸಂಸ್ಥಾನಗಳ ಒಳಗಿನ ಹೋರಾಟವನ್ನು ಆಯಾ ಪ್ರಜೆಗಳು ತಮ್ಮ ಹೊಣೆಯಲ್ಲಿಯೇ ನಡೆಸಲಿ ಎಂದಿತು. ಅದೇ ವರ್ಷ ಏಪ್ರಿಲಿನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜಸತ್ಯಾಗ್ರಹ ನಡೆಯಿತು. ತಿಂಗಳು ಮುಗಿಯುವ ಮೊದಲೇ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು.

ರಾಚಯ್ಯನವರು ಹುಟ್ಟಿದ್ದು 1922ರ ಆಗಸ್ಟ್ 10ರಂದು, ಚಾಮರಾಜನಗರ ತಾಲ್ಲೂಕಿನ ಆಲೂರಿನಲ್ಲಿ. ಎಂದರೆ ಗಡಿಯ ಮೈಸೂರು ಮಗ್ಗುಲಲ್ಲಿ. 'ರಾಚ' ಎಂಬುದು 'ರಾಜ' ಶಬ್ದದ ತದ್ಭವ. ಈ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಕಳೆಯೂ ಉಂಟು. ಮಂಟೇಸ್ವಾಮಿಯ ಪರಂಪರೆಯಲ್ಲಿ ರಾಚಪ್ಪಾಜಿ, ಸಿದ್ದಪ್ಪಾಜಿ ಎಂಬ ಹೆಸರುಗಳು ಪೂಜ್ಯವಾದವು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಗೆ ಕೂಡುತ್ತದೆ. ನೀಲಗಾರರು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಕುಲದ ಹೆಮ್ಮೆಗೆ ಪೆಟ್ಟು ಬೀಳುವ ಪ್ರಸಂಗಗಳು ಹೇರಳವಾಗಿವೆ. ಇಲ್ಲಿಯ ಊರುಗಳಲ್ಲಿ ರಾಚಯ್ಯ, ಸಿದ್ದಯ್ಯ, ಮಾದಯ್ಯ ಎಂಬ ಹೆಸರುಗಳು ಮನೆಮನೆಯಲ್ಲಿ ಕೇಳಿಬರುವುದು ಆಕಸ್ಮಿಕವೇನಲ್ಲ. 1962, 1967, 1971ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದವರ ಹೆಸರು ಎಸ್. ಎಂ. ಸಿದ್ದಯ್ಯ, 1977ರಲ್ಲಿ ಹೋದವರ ಹೆಸರು ಬಿ. ರಾಚಯ್ಯ ಎಂಬುದನ್ನು ನೋಡಿದರೆ, ನೀಲಗಾರರ ಕಥೆಯ ಹೆಸರುಗಳೇ ದೆಹಲಿಯ ಹಾಜರಿ ಪಟ್ಟಿಯಲ್ಲಿ ಬಂದಂತೆ ಕಾಣುತ್ತದೆ.

ಪರಿಶಿಷ್ಟ ಜಾತಿಯ ಕುಟುಂಬದ ಹುಡುಗನೊಬ್ಬ 1930ರ ಸುಮಾರಿನಲ್ಲಿ ಹಳ್ಳಿಯಿಂದ ಶಾಲೆಗೆ ಹೋಗುವುದೆಂದರೆ ಎಂತಹ ಸಾಹಸವೆಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕು. ಮೈಸೂರು ಸಂಸ್ಥಾನದಲ್ಲಿ ಆ ಹೊತ್ತಿಗೆ ದಾರಿ ಸ್ವಲ್ಪ ತೆರೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ, ಸರ್ಕಾರಿ ಶಾಲೆಗಳಲ್ಲಿ ಯಾವ ಜಾತಿಯ ಮಗುವನ್ನೂ ಹೊರಗೆ ನಿಲ್ಲಿಸಬಾರದೆಂದು ಪಟ್ಟುಹಿಡಿದರು. ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರು ಈ ಮಕ್ಕಳ ಓದು, ಊಟ, ವಸತಿಗಾಗಿ ತಮ್ಮ ಆಯುಸ್ಸನ್ನೇ ಸವೆಸಿದರು. ಆಜ್ಞೆ ಹೊರಟ ಮಾತ್ರಕ್ಕೆ ಹಳ್ಳಿಯ ಜಗಲಿ ಬದಲಾಗಲಿಲ್ಲವೆಂಬುದು ನಿಜ. ಮೇಷ್ಟರು ಮನಸ್ಸು ಮಾಡಿದ ಕಡೆ ಹುಡುಗ ಒಳಗೆ ಕುಳಿತ, ಮಾಡದ ಕಡೆ ಬಾಗಿಲಲ್ಲಿಯೇ ಉಳಿದ. ನನ್ನ ವೃತ್ತಿಬಾಂಧವರ ವಿಷಯವಾದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು.

ಚಳವಳಿಯ ಗಾಳಿಯೂ ಈ ಮೂಲೆಗೆ ಬೀಸುತ್ತಿತ್ತು. ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಆಶ್ರಮ ಕಟ್ಟಿ, ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆಗಾಗಿ ದುಡಿದರು. ಜನ ಅವರನ್ನು ಮೈಸೂರಿನ ಗಾಂಧಿ ಎಂದು ಕರೆದರು. 1927ರಲ್ಲಿ ಗಾಂಧೀಜಿಯವರೇ ಬದನವಾಳಿನ ಖಾದಿ ಕೇಂದ್ರಕ್ಕೆ ಬಂದಿದ್ದರು. 1942ರ ಆಗಸ್ಟಿನಲ್ಲಿ 'ಭಾರತ ಬಿಟ್ಟು ತೊಲಗಿ' ಎಂಬ ಕರೆ ಹೊರಟಾಗ ರಾಚಯ್ಯನವರಿಗೆ ಇಪ್ಪತ್ತು ವರ್ಷ. ಸಂಸ್ಥಾನದಲ್ಲಿ ಆ ಚಳವಳಿಯ ಬೆನ್ನೆಲುಬಾದವರು ಬಹುಮಟ್ಟಿಗೆ ವಿದ್ಯಾರ್ಥಿಗಳು; ಚಳವಳಿಗೆ ಇಳಿದ ಆ ತಲೆಮಾರಿನ ತರುಣರಲ್ಲಿ ಅವರೂ ಒಬ್ಬರು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿದಿತ್ತು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ನಡೆದು, ಅಕ್ಟೋಬರ್ 24ರಂದು ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಯಳಂದೂರಿನವನಿಗೆ ತನ್ನದೆನ್ನುವ ಸರ್ಕಾರ ದೊರೆತದ್ದು ಕೊಳ್ಳೇಗಾಲದವನಿಗಿಂತ ಎರಡು ತಿಂಗಳು ತಡವಾಗಿ.

ಹೋರಾಟಗಾರ ರಾಜಕಾರಣಿಯಾಗುವುದು ಚುನಾವಣೆಯ ಮೂಲಕ. ಸ್ವತಂತ್ರ ಭಾರತದ ಮೊದಲ ಎರಡು ಚುನಾವಣೆಗಳ ಪದ್ಧತಿ ಇಂದು ಬಹುಮಂದಿಗೆ ಮರೆತುಹೋಗಿದೆ. 1952 ಮತ್ತು 1957ರಲ್ಲಿ ಅನೇಕ ಕಡೆ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರದಿಂದ ಇಬ್ಬರು ಆರಿಸಿಬರುವರು. ಎರಡರಲ್ಲಿ ಒಂದು ಸ್ಥಾನ ಪರಿಶಿಷ್ಟರಿಗೆ ಮೀಸಲು. ಮತದಾರನಿಗೆ ಎರಡು ಮತ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಎರಡು ಚೀಟಿಗಳನ್ನೂ ಒಂದೇ ಪೆಟ್ಟಿಗೆಗೆ ಹಾಕುವಂತಿರಲಿಲ್ಲ. ಎಣಿಕೆಯಲ್ಲಿ ಮೊದಲು ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವನಿಗೆ ಮೀಸಲು ಸ್ಥಾನವನ್ನು ಕೊಟ್ಟು, ಆಮೇಲೆ ಉಳಿದವರೆಲ್ಲರಲ್ಲಿ, ಜಾತಿ ಯಾವುದೇ ಇರಲಿ, ಹೆಚ್ಚು ಮತ ಬಂದವನಿಗೆ ಸಾಮಾನ್ಯ ಸ್ಥಾನವನ್ನು ಕೊಡುತ್ತಿದ್ದರು.

ಇದರ ಸ್ವಾರಸ್ಯ ಎರಡನೆಯ ಹೆಜ್ಜೆಯಲ್ಲಿದೆ. ಪರಿಶಿಷ್ಟ ವರ್ಗದ ಇಬ್ಬರು ಅಭ್ಯರ್ಥಿಗಳಿಗೆ ಮೊದಲ ಎರಡು ಸ್ಥಾನದಷ್ಟು ಮತ ಬಂದರೆ ಇಬ್ಬರೂ ಗೆಲ್ಲುವರು. 1957ರಲ್ಲಿ ಆಂಧ್ರದ ಪಾರ್ವತೀಪುರದಲ್ಲಿ ಹಾಗೆಯೇ ಆಯಿತು. ಬುಡಕಟ್ಟಿನ ಇಬ್ಬರು ಗೆದ್ದರು, ಸೋತವರು ವಿ. ವಿ. ಗಿರಿಯವರು. ಅವರು ಮೊಕದ್ದಮೆ ಹೂಡಿದರು. 1959ರಲ್ಲಿ ಸುಪ್ರೀಂ ಕೋರ್ಟು ಇಬ್ಬರ ಆಯ್ಕೆಯನ್ನೂ ಎತ್ತಿಹಿಡಿಯಿತು. ಮೀಸಲಾತಿ ಎಂಬುದು ಕನಿಷ್ಠ ಇಷ್ಟು ಎಂದು ಕೊಡುವ ಭರವಸೆ, ಇಷ್ಟೇ ಎಂದು ಹಾಕುವ ಬೇಲಿ ಅಲ್ಲವೆಂದು ಅದರಿಂದ ತಿಳಿಯಿತು. (ಗಿರಿಯವರು ಮುಂದೆ ಕೇರಳಕ್ಕೂ ನಮ್ಮ ಮೈಸೂರಿಗೂ ರಾಜ್ಯಪಾಲರಾಗಿ, 1969ರಲ್ಲಿ ರಾಷ್ಟ್ರಪತಿಯಾದರು.) ಬಹಳ ಕಾಲ ಕಳೆಯದೆ, 1961ರಲ್ಲಿ, ದ್ವಿಸದಸ್ಯ ಕ್ಷೇತ್ರಗಳನ್ನೇ ಕಾನೂನಿನಿಂದ ರದ್ದುಮಾಡಲಾಯಿತು. ಅಲ್ಲಿಂದ ಮೀಸಲು ಕ್ಷೇತ್ರವೆಂದರೆ ಒಂದೇ ಸ್ಥಾನದ ಪ್ರತ್ಯೇಕ ಕ್ಷೇತ್ರ.

ರಾಚಯ್ಯನವರ ಪೀಳಿಗೆಯ ಪರಿಶಿಷ್ಟ ನಾಯಕರು ಶಾಸನಸಭೆಗಳನ್ನು ಪ್ರವೇಶಿಸಿದ್ದು ಬಹುಮಟ್ಟಿಗೆ ಈ ಬಾಗಿಲಿನಿಂದ. ಇದರಲ್ಲಿ ಒಂದು ಕಟ್ಟೂ ಇತ್ತು, ಬಲವೂ ಇತ್ತು. 1932ರ ಪೂನಾ ಒಪ್ಪಂದದಂತೆ ಮೀಸಲು ಸ್ಥಾನಕ್ಕೂ ಮತ ಹಾಕುವವರು ಎಲ್ಲ ಜಾತಿಯವರು. ಅಭ್ಯರ್ಥಿ ತನ್ನವರ ಮತದಿಂದಲೇ ಗೆಲ್ಲಲಾರ. ಲಿಂಗಾಯತರು, ಒಕ್ಕಲಿಗರು, ಕುರುಬರು, ಉಪ್ಪಾರರು ಮುಂತಾದವರ ಕೇರಿಗೂ ಹೋಗಿ ಕೇಳಬೇಕು. ಆ ಕಾಲದಲ್ಲಿ, ಹಗಲಲ್ಲಿ ಕೈಮುಗಿದು ಮತ ಕೇಳಿದ ಮನೆಯಲ್ಲಿ ನೀರನ್ನು ಬೇರೆ ಲೋಟದಲ್ಲಿ ಕುಡಿಯಬೇಕಾದ ಸ್ಥಿತಿ ಎಷ್ಟೋ ಊರುಗಳಲ್ಲಿ ಇತ್ತು. ಅಂದಿನ ಪರಿಶಿಷ್ಟ ನಾಯಕರ ಮಾತು ಮೆತ್ತಗೆ, ಹೆಜ್ಜೆ ನಿಧಾನ ಎಂದು ಮುಂದಿನ ತಲೆಮಾರಿನ ದಲಿತ ಚಿಂತಕರು ಟೀಕಿಸಿದ್ದುಂಟು. ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ತಕ್ಕಡಿಯಲ್ಲಿ ತೂಗುವಾಗ ಈ ಕಟ್ಟನ್ನೂ ಒಂದು ತಟ್ಟೆಗೆ ಹಾಕಬೇಕು. ಎಲ್ಲ ಕೇರಿಗಳ ಮತ ಬೇಕಾದವನು ಎಲ್ಲ ಕೇರಿಗಳ ಕಷ್ಟವನ್ನೂ ಕೇಳಿಸಿಕೊಳ್ಳಲೇಬೇಕಾಗುತ್ತದೆ. ದೀರ್ಘಕಾಲ ರಾಜಕಾರಣದಲ್ಲಿ ನಿಂತವರ ಬೇರು ಇರುವುದು ಅಲ್ಲಿ.

ಇತ್ತ ಗಡಿಯ ಪ್ರಶ್ನೆಯೂ ಹಣ್ಣಾಗುತ್ತಿತ್ತು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು; 1956ರ ಕಾಯಿದೆಯಂತೆ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲ್ಲೂಕೊಂದು ಮಾತ್ರ ಹೊಸ ಮೈಸೂರಿಗೆ ಬಂದಿತು. ಹನೂರು ಆಗ ಆ ತಾಲ್ಲೂಕಿನೊಳಗೆಯೇ ಇದ್ದುದರಿಂದ ಜೊತೆಗೆ ಬಂದಿತು. ತಾಳವಾಡಿಯ ಕನ್ನಡ ಹಳ್ಳಿಗಳು, ವರನಟ ರಾಜಕುಮಾರರ ಗಾಜನೂರೂ ಸೇರಿ, ಆಚೆಗೆ ಉಳಿದವು. ಕಾಯಿದೆ ಮಾಡಿದವರು ತಾಲ್ಲೂಕನ್ನು ಹಿಡಿದು ಎಣಿಸಿದರು. ತಾಳವಾಡಿ ಬೇರೆ ತಾಲ್ಲೂಕಿನ ಬಾಲವಾಗಿತ್ತು. ಕೊಳ್ಳೇಗಾಲದ ಕನ್ನಡಿಗನಿಗೆ ಜಿಲ್ಲಾ ಕೇಂದ್ರವಾಗಿ ಮೈಸೂರು ದೊರಕಿತು. ರೇಷ್ಮೆ ನೇಯುವವನಿಗೂ ಅರ್ಜಿ ಬರೆಸುವವನಿಗೂ ಬಸ್ಸಿನ ದಿಕ್ಕೇ ತಿರುಗಿತು.

ಹೊಸ ಮೈಸೂರಿನಲ್ಲಿ ರಾಚಯ್ಯನವರು ನಿಜಲಿಂಗಪ್ಪನವರ ಕಾಲದಲ್ಲಿ ಸಚಿವರಾಗಿದ್ದರು. ಕಾಂಗ್ರೆಸ್ಸಿನ ಒಳಗೆ ಆದ ಒಡಕುಗಳ, ದೇವರಾಜ ಅರಸರ ಏಳುಬೀಳುಗಳ ವಿವರಕ್ಕೆ ಇಲ್ಲಿ ಎಡೆಯಿಲ್ಲ. 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಕೈಬಿಟ್ಟಾಗಲೂ ಕರ್ನಾಟಕ ಬಿಡಲಿಲ್ಲ. ಆ ಚುನಾವಣೆಯಲ್ಲಿ ಚಾಮರಾಜನಗರ ಮೀಸಲು ಕ್ಷೇತ್ರದಿಂದ ಅವರು ಕಾಂಗ್ರೆಸ್ಸಿನವರಾಗಿ ಲೋಕಸಭೆಗೆ ಹೋದರು. ಮುಂದೆ ಅವರು ಜನತಾ ಪಕ್ಷಕ್ಕೆ ಬಂದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ಕಟ್ಟಿದರು; ಹೆಗಡೆಯವರ ಸಂಪುಟದಲ್ಲಿಯೂ ರಾಚಯ್ಯನವರು ಸಚಿವರಾಗಿದ್ದರು. ಪಕ್ಷ ಬಿಡುವುದು ಇಂದು ಬಟ್ಟೆ ಬದಲಿಸಿದಷ್ಟು ಸುಲಭವಾಗಿದೆ. 1942ರಲ್ಲಿ ಯಾವ ಬಾವುಟದ ಕೆಳಗೆ ನಿಂತಿದ್ದರೋ ಅದನ್ನು ಅರುವತ್ತರ ಹತ್ತಿರದಲ್ಲಿ ಬಿಟ್ಟು ಬರುವುದು ಅಷ್ಟು ಹಗುರವಾದ ಕೆಲಸವಾಗಿರಲಾರದೆಂದು ನನ್ನ ಎಣಿಕೆ. ಆ ಸರ್ಕಾರದ ಹೆಸರು ಉಳಿದಿರುವುದು ಮುಖ್ಯವಾಗಿ 1983ರ ಪಂಚಾಯಿತಿ ಕಾಯಿದೆಯಿಂದ. ಅದರಂತೆ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಹೆಂಗಸರಿಗೆ ಮೀಸಲಾದವು.

ರಾಜ್ಯಪಾಲರ ಪದವಿ ಬಂದ ಬಗೆಯೂ ತಿಳಿಯತಕ್ಕದ್ದೇ. 1989ರ ಕೊನೆಯಲ್ಲಿ ವಿ. ಪಿ. ಸಿಂಗರ ಸರ್ಕಾರ ಬಂದೊಡನೆ, ಹಿಂದಿನ ಸರ್ಕಾರ ನೇಮಿಸಿದ್ದ ರಾಜ್ಯಪಾಲರೆಲ್ಲರ ರಾಜೀನಾಮೆಯನ್ನು ಕೇಳಲಾಯಿತು. ಸಂವಿಧಾನದಲ್ಲಿ ಐದು ವರ್ಷದ ಅವಧಿ ಹೇಳಿದ್ದರೂ ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಎಂಬ ಮಾತೂ ಅಲ್ಲಿಯೇ ಇದೆ. ಇಚ್ಛೆ ಯಾರದೆಂಬುದನ್ನು ವಾಚಕರು ಬಲ್ಲರು. ತೆರವಾದ ಸ್ಥಾನಗಳಲ್ಲಿ ಹಿಮಾಚಲ ಪ್ರದೇಶಕ್ಕೆ 1990ರ ಫೆಬ್ರವರಿಯಲ್ಲಿ ರಾಚಯ್ಯನವರು ಹೋದರು. ಅದೇ ಡಿಸೆಂಬರಿನಲ್ಲಿ, ಚಂದ್ರಶೇಖರರು ಪ್ರಧಾನಿಯಾಗಿದ್ದಾಗ, ಕೇರಳಕ್ಕೆ ಬಂದರು. ನರಸಿಂಹರಾಯರ ಸರ್ಕಾರ ಬಂದ ಮೇಲೂ ಅವರನ್ನು ಕದಲಿಸಲಿಲ್ಲ. 1995ರ ನವೆಂಬರಿನವರೆಗೆ, ಸುಮಾರು ಐದು ವರ್ಷ, ಅವರು ತಿರುವನಂತಪುರದಲ್ಲಿದ್ದರು. ಮೂವರು ಪ್ರಧಾನಿಗಳಿಗೆ ಒಪ್ಪಿಗೆಯಾದ ರಾಜ್ಯಪಾಲರು ಆ ವರ್ಷಗಳಲ್ಲಿ ಹೆಚ್ಚು ಮಂದಿ ಇರಲಿಲ್ಲ. ನಾಯನಾರ್, ಕರುಣಾಕರನ್, ಆಂಟನಿ ಮೂವರೂ ಅವರ ಅವಧಿಯಲ್ಲಿ ಅಲ್ಲಿಯ ಮುಖ್ಯಮಂತ್ರಿಗಳು.

1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರವಾಯಿತೆಂದು ಕೋಳಿಕ್ಕೋಡಿನಲ್ಲಿ ಘೋಷಣೆಯಾಯಿತು. ಘೋಷಿಸಿದವರು ಇಳಿವಯಸ್ಸಿನಲ್ಲಿ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ ಎಂಬ ಹೆಂಗಸು. ಆಗ ಅಲ್ಲಿಯ ರಾಜ್ಯಪಾಲರು ಆಲೂರಿನವರು. ಆಲೂರಿರುವ ಚಾಮರಾಜನಗರ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಗಳ ಮೇಲೆ, 2011ರ ಜನಗಣತಿಯಲ್ಲಿಯೂ, ಓದುಬರಹ ಬಲ್ಲವರು ನೂರಕ್ಕೆ 61ರಷ್ಟೇ ಇದ್ದರು.

ರಾಚಯ್ಯನವರು ತೀರಿಕೊಂಡದ್ದು 2000ದ ಫೆಬ್ರವರಿ 14ರಂದು. ಅಷ್ಟರಲ್ಲಿ ಅವರ ಸೀಮೆ ಇನ್ನೊಮ್ಮೆ ಬೇರೆಯಾಗಿತ್ತು. 1997ರಲ್ಲಿ ಮೈಸೂರಿನಿಂದ ಒಡೆದು ಚಾಮರಾಜನಗರ ಜಿಲ್ಲೆಯಾಯಿತು, ಯಳಂದೂರು ಕೊಳ್ಳೇಗಾಲಗಳೆರಡೂ ಅದಕ್ಕೆ ಸೇರಿದವು. ಹನೂರಿನ ಕಾಡು ಆ ವರ್ಷಗಳಲ್ಲಿ ವೀರಪ್ಪನ್ನನ ಹೆಸರಿನಿಂದ ನಡುಗುತ್ತಿತ್ತು. 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದಲೇ ಹೊತ್ತೊಯ್ದರು. ಡಿಸೆಂಬರಿನಲ್ಲಿ ಕಾಡಿನಲ್ಲಿ ದೇಹ ದೊರೆಯಿತು. ಮುಂದಿನ ಚುನಾವಣೆಯಲ್ಲಿ ಹನೂರಿನ ಜನ ಅವರ ಪತ್ನಿ ಪರಿಮಳಾ ನಾಗಪ್ಪನವರನ್ನು ಗೆಲ್ಲಿಸಿದರು.

ಅದೇ 2004ರ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಿಂದ ನಿಂತಿದ್ದ ರಾಚಯ್ಯನವರ ಮಗ ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತ ಬಂದವು. ಎದುರಾಳಿ ಆರ್. ಧ್ರುವನಾರಾಯಣರಿಗೆ 40,752. ಒಂದು ಮತದಿಂದ ಸೋತವರೆಂದು ದೇಶವೆಲ್ಲ ಅವರನ್ನು ಹೆಸರಿಸಿತು. ಪೌರನೀತಿಯ ಪಾಠದಲ್ಲಿ ಮತದ ಬೆಲೆ ಹೇಳಬೇಕಾದ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸೋತವರ ಮನೆಯಲ್ಲಿ ಅದು ಉದಾಹರಣೆಯಾಗಿ ಕಂಡಿರದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೆಮರಹಳ್ಳಿ ಎಂಬ ಕ್ಷೇತ್ರವೇ ಅಳಿಸಿಹೋಯಿತು. ಯಳಂದೂರು ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿತು, ಹನೂರು ಸಾಮಾನ್ಯ ಕ್ಷೇತ್ರವಾಗಿ ಉಳಿಯಿತು. 2023ರಲ್ಲಿ ಕೃಷ್ಣಮೂರ್ತಿಯವರು ಕೊಳ್ಳೇಗಾಲದಿಂದ ಗೆದ್ದರು, ಈ ಸಲ ಐವತ್ತೊಂಬತ್ತು ಸಾವಿರಕ್ಕೂ ಮೀರಿದ ಅಂತರದಲ್ಲಿ. ಹಿಂದೆ ಎರಡು ಸರ್ಕಾರಗಳ ಗಡಿ ಹಾಯುತ್ತಿದ್ದ ಆ ಹತ್ತು ಮೈಲಿಯ ದಾರಿಯ ಎರಡು ತುದಿಯ ಮತಗಳೂ ಈಗ ಒಂದೇ ಮೇಜಿನ ಮೇಲೆ ಎಣಿಕೆಯಾಗುತ್ತವೆ.